ಗೋಧಿ ಖಾರಿಗೆ ಪದರ ಎಬ್ಬಿಸಿದ ದ್ರೌಪದಿ

ಬೆಳಗಿನ ಐದು ಗಂಟೆ. ಅಂಕಲಿಯ ಪೇಟೆ ಇನ್ನೂ ಬಾಗಿಲು ತೆರೆದಿಲ್ಲ. ಪಾರಿಸ ಅವರ ಬೇಕರಿಯಲ್ಲಿ ಮಾತ್ರ ಭಟ್ಟಿ ಕಾದಿದೆ. ದ್ರೌಪದಿ ಒದ್ದೆ ಬಟ್ಟೆ ಸರಿಸಿ ಹಿಟ್ಟಿನ ಹಾಳೆ ತೆಗೆಯುತ್ತಾರೆ. ವನಸ್ಪತಿ ತುಪ್ಪ ಸವರಿ, ಮೂರು ಮಡಿಕೆ ಮಡಚಿ, ಲಟ್ಟಿಸಿ, ಮತ್ತೆ ಬಟ್ಟೆ ಮುಚ್ಚುತ್ತಾರೆ. ಸುದ್ದಿ ಬರೆಯಲು ಬಂದ ನಾನು ಬೆರಳು ಇಡಲು ಹೋದರೆ, "ಮುಟ್ಟಬ್ಯಾಡ್ರಿ ಸಾಹೇಬ್ರ, ಮಲಗೈತಿ!" ಎಂದು ಗದರಿಸುತ್ತಾರೆ. ತೊಟ್ಟಿಲ ಕೂಸಿಗೂ ಇಷ್ಟು ಕಾವಲು ಇರಲಿಕ್ಕಿಲ್ಲ.

ನಲವತ್ತೆಂಟರ ದ್ರೌಪದಿ ಇಲ್ಲಿ ಹನ್ನೊಂದು ವರ್ಷ ಬಿಸ್ಕತ್ತಿನ ಪುಡಿಕೆ, ಪೊಟ್ಟಣ ಕಟ್ಟಿದವರು. ಹಿಟ್ಟಿನ ಮೇಜು ಆಗ ಗಂಡಸರದು. ಹೋದ ವರ್ಷ, 1993ರಲ್ಲಿ, ಬಾಣಂತಿ ಮಗಳು ಕುಸುಮ ಊಟ ಬಿಟ್ಟು, ಮೈದಾದ ಪದರು ಪದರು ಬಿಸ್ಕತ್ತಾದ ಖಾರಿಯನ್ನು ಚಹಾದಲ್ಲಿ ಅದ್ದಿ ತಿಂದೇ ದಿನ ದೂಡುತ್ತಿದ್ದಳು. ಮೈದಾದಲ್ಲಿ ನಾರಿಲ್ಲ, ಮೈಗೆ ಹತ್ತುವುದೇನು ಎಂದು ಡಾಕ್ಟರು ಬೈದರು. ತಾಯಿ ನೇರ ಮಾಲೀಕರ ಮುಂದೆ ಬಂದು ನಿಂತರು: ಗೋಧಿ ಹಿಟ್ಟಿನ ಖಾರಿ ಮಾಡೋಣ!

ಪಾರಿಸ ನಕ್ಕುಬಿಟ್ಟರು. "ಗೋಧ್ಯಾಗ ಪದರ ಏಳಂಗಿಲ್ಲವ್ವಾ. ಎಬ್ಬಿಸಿ ತೋರ್ಸು, ಮೇಜು ನಿನಗ ಬಿಡತೀನಿ. ಏಳಲಿಲ್ಲಂದ್ರ ಮತ್ತ ಈ ಮಾತು ತೆಗೀಬ್ಯಾಡ."

ಮೊದಲ ಸಲ ಕೆಟ್ಟಿತು. ಮೂವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ ಸುಮ್ಮನಿರುತ್ತದೆಯೇ? ಮಡಿಕೆ ಹಾಕಿದ ಹಿಟ್ಟನ್ನೂ ಪಟಪಟ ಬಡಿಯಿತು. ಪದರಗಳೆಲ್ಲ ಅಂಟಿಕೊಂಡು ಭಟ್ಟಿಯಿಂದ ಒಣಗಿ ಗಟ್ಟಿಯಾದ ಕಟಕ ರೊಟ್ಟಿ ಹೊರಬಂತು. "ಯಕ್ಕಾ, ಪಲ್ಯಾ ಎಲ್ಲೈತಿ?" ಎಂದು ಭಟ್ಟಿ ನೋಡಿಕೊಳ್ಳುವ ಭೀಮಸಿ ಕೇಳಿದ್ದಕ್ಕೆ ಬೇಕರಿಯೇ ಗೊಳ್ಳೆಂದಿತು.

"ಅವರ ಮ್ಯಾಲೆ ಸಿಟ್ಟು ಬರಲಿಲ್ರಿ, ನನ್ನ ಕೈ ಮ್ಯಾಲೆ ಬಂತು," ಎನ್ನುತ್ತಾರೆ ದ್ರೌಪದಿ. "ಇನ್ನೊಂದ್ ಸಲ ಕೊಡ್ರಿ ಅಂತ ಬೆನ್ನ ಹತ್ತಿದೆ."

ಎಂಟನೆಯ ದಿನ ಅವಕಾಶ ಸಿಕ್ಕಿತು. ತವಡು ನೀರು ಕುಡಿಯುತ್ತದೆಂದು ಹಿಟ್ಟಿಗೆ ನೀರು ಹೆಚ್ಚಿಸಿದರು. ಬಡಿಯುವ ಕೈಗೆ ಲಟ್ಟಣಿಗೆ ಕೊಟ್ಟರು. ಪ್ರತಿ ಮಡಿಕೆಗೂ ಅರ್ಧ ತಾಸು ತಣ್ಣಗೆ ಮಲಗಿಸಿದರು. ಭಟ್ಟಿಯ ಬಾಗಿಲು ತೆಗೆದ ಭೀಮಸಿ ಈ ಸಲ ಪಲ್ಯ ಕೇಳಲಿಲ್ಲ. "ಎದ್ದಾವ ಯಕ್ಕಾ, ಎದ್ದಾವ!" ಎಂದು ಕುಣಿದೇಬಿಟ್ಟ.

ಈಗ ದಿನಕ್ಕೆ ಮೂವತ್ತು ಕಿಲೋ ಗೋಧಿ ಖಾರಿ ಕಬ್ಬೂರು, ಅಥಣಿಗೆ ಹೋಗುತ್ತದೆ. ಹಾಗಂತ ದ್ರೌಪದಿ ಬೊಗಳೆ ಬಿಡುವವರಲ್ಲ. "ನಾರು ಐತಿ, ಖರೆ. ಜಿಡ್ಡೂ ಐತಿ. ಎರಡು ತಿನ್ರಿ, ಅದರ ಜೋಡಿ ಒಂದು ಮುಷ್ಟಿ ಶೇಂಗಾ ತಿನ್ರಿ. ಊಟ ಬಿಡಬ್ಯಾಡ್ರಿ." ಕುಸುಮಳಿಗೂ ಇದೇ ಕಟ್ಟಪ್ಪಣೆ, ಈಗ ಅವಳು ಎರಡು ಹೊತ್ತು ರೊಟ್ಟಿ ಉಣ್ಣುತ್ತಾಳೆ. ನನಗೆ ಕೇಳಿಯೇ ಹೆಮ್ಮೆ ಅನ್ನಿಸಿತು.

ಅಷ್ಟರಲ್ಲಿ ಪಾರಿಸ ಬಂದು ಮಾತಾಡುತ್ತಲೇ ಒದ್ದೆ ಬಟ್ಟೆಯ ತುದಿ ಎತ್ತುತ್ತಾರೆ.

"ಕೈ ತಗೀರಿ ಮಾಲಕ್ರ," ಎನ್ನುತ್ತಾರೆ ದ್ರೌಪದಿ, ತಲೆ ಎತ್ತದೆ. "ಮೇಜು ನಂದು."

ಮಾಲೀಕರು ಕೈ ತೆಗೆಯುತ್ತಾರೆ.