ಮುಖ ಮುಚ್ಚದ ಮಧು

ಬೈಲಹೊಂಗಲದಲ್ಲಿ ಮದುವೆಗಳ ವಿಡಿಯೊ ತೆಗೆಯುವ ಪ್ರಿಯಂವದಾ ಒಬ್ಬ ಕರಾಟೆ ಮಾಸ್ತರನ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಹೊರಟಳು. ಅವನು ಹಂಚಿದ ಬ್ಲ್ಯಾಕ್ ಬೆಲ್ಟ್‌ಗಳೆಲ್ಲ ನಕಲಿ. ಪ್ರಶ್ನೆ ಕೇಳಿದ ಮಕ್ಕಳಿಗೆ ಬೆತ್ತದ ಏಟು. ಎರಡು ತಿಂಗಳು ಯಾರೂ ಕ್ಯಾಮೆರಾದ ಮುಂದೆ ಬಾಯಿ ಬಿಡಲಿಲ್ಲ. ಕೊನೆಗೆ ದೊಡವಾಡದಲ್ಲಿ ಅವನ ಹಳೆಯ ಶಿಷ್ಯೆ ಮಧು ಎಮ್ಮೆ ಹಿಂಡುತ್ತಲೇ ಹೇಳಿದಳು: "ನನ್ನ ಮುಖಾ ಮುಚ್ಚಬ್ಯಾಡ್ರಿ, ಅಕ್ಕಾರ. ತಪ್ಪ ಮಾಡಿದಾಕಿ ನಾ ಅಲ್ಲ."

ಅವಳನ್ನು ನೋಡಿ ಇನ್ನೂ ಹನ್ನೊಂದು ಮಂದಿ ಮಾತಾಡಿದರು. ಚಿತ್ರ ಊರೂರಲ್ಲಿ ತೋರಿಸಿದ ಮೇಲೆ ಮಾಸ್ತರನ ಕ್ಲಾಸು ಮುಚ್ಚಿತು, ಕೇಸೂ ಆಯಿತು. ಧಾರವಾಡದಿಂದ ಬಂದ ಹೊಸ ಶಿಕ್ಷಕಿ ಪಾಠ ಶುರು ಮಾಡಿದ ದಿನ ಮಧುವಿನ ತಾಯಿ ಸುಂದರವ್ವ ಸೀರೆ ಎತ್ತಿ ಕಟ್ಟಿ ಸಾಲಿನಲ್ಲಿ ನಿಂತು, "ನನಗೂ ಒದಿಯೂದ ಕಲಸ್ರಿ, ಅಕ್ಕೋರ" ಎಂದಳು. ಪ್ರಿಯಂವದಾ ನಕ್ಕ ನಗೆಗೆ ಕ್ಯಾಮೆರಾ ನಡುಗಿತು.