ಮುರಕಲ್ಲಿಲ್ಲದ ಕರಂಡೆ

ಅಣ್ಣಾ ನಗರ್‌ನ ಸಸ್ಯಾಹಾರಿ ಹೋಟೆಲೊಂದರಲ್ಲಿ ನಾನು ಕ್ಯಾಷಿಯರ್. ನೋಟನ್ನು ಬೆಳಕಿಗೆ ಹಿಡಿದು ನೋಡುವುದಷ್ಟೇ ನನ್ನ ಅನುಮಾನ. ಏನು ನೋಡಬೇಕೆಂದು ಇನ್ನೂ ಗೊತ್ತಾಗಿಲ್ಲ. ಅಡುಗೆಯ ಸುಬ್ರಾಯಣ್ಣ ಹಾಗಲ್ಲ. ಮೆಟ್ರೋದಲ್ಲಿ ನಿಲ್ದಾಣದ ಹೆಸರು ಹೇಳಿದರೂ ಬೋರ್ಡು ಓದಿಯೇ ಇಳಿಯುವವರು.

ಬೇಸಿಗೆಯಲ್ಲಿ ಅವರು ಹಾಕುವ ಕರಂಡೆಯ, ಅಂದರೆ ಕವಳಿಕಾಯಿಯ, ಉಪ್ಪಿನಕಾಯಿಗೆಂದೇ ಊಟಕ್ಕೆ ಬರುವವರಿದ್ದಾರೆ. ಈ ವರ್ಷ ಕರಾವಳಿಯ ಊರಿಂದ ಕಾಯಿ ಬರಲಿಲ್ಲ. ಬಾಳೆ ಎಲೆ ತರುವ ವಿಮಲಾ ವಂಡಲೂರಿನಾಚೆಯ ತನ್ನೂರ ಗುಡ್ಡದಿಂದ ಒಂದು ಚೀಲ ಎಳೆಕಾಯಿ ತಂದಳು. ಇಲ್ಲಿಯ ತಮಿಳರಿಗೆ ಅದು ಕಳಾಕ್ಕಾಯ್. ನಾನು ಗಿಡ ಗುರುತಿಸುವ ಆ್ಯಪಿಗೆ ಫೋಟೋ ತೋರಿಸಿ, ಕರಂಡೆಯೇ ಎಂದು ಘೋಷಿಸಿದೆ. ಅದೇ ಆ್ಯಪ್ ನಮ್ಮ ಕರಿಬೇವನ್ನು ಕಹಿಬೇವು ಎಂದಿದ್ದು ಸುಬ್ರಾಯಣ್ಣನಿಗೆ ನೆನಪಿತ್ತು.

ಕಾಯಿ ಮುರಿದರೆ ಹಾಲು ಬರುತ್ತದೆ, ವಿಷದ ಕಣಗಿಲೆಯಲ್ಲೂ ಹಾಲೇ ಇರುವುದು ಎಂದರು. ಒಬ್ಬ ಗಿರಾಕಿಗೆ ವಾಂತಿಯಾದರೂ ತಾನು ಮತ್ತೆ ಭರಣಿ ಮುಟ್ಟುವ ಹಾಗಿಲ್ಲ, ಗಿಡ ನೋಡದೆ ಉಪ್ಪಿಗೆ ಹಾಕುವುದಿಲ್ಲ ಎಂದು ಹಟ ಹಿಡಿದರು.

ರಜೆಯ ದಿನ ಮೂವರೂ ಹೋದೆವು. ಬಂಡೆಗಳ ನಡುವೆ ಕುರುಚಲು ಕಾಡು. ಜೋಡಿ ಎಲೆ, ಕವಲೊಡೆದ ಮುಳ್ಳು, ಮಲ್ಲಿಗೆಯಂಥ ಬಿಳಿ ಹೂ, ಎಲ್ಲ ಇತ್ತು. ಮುಳ್ಳು ಮೊದಲು ಸಿಕ್ಕಿದ್ದು ನನ್ನ ಪ್ಯಾಂಟಿಗೆ. ಗೆದ್ದೆವೆಂದುಕೊಂಡೆ. ಅಷ್ಟರಲ್ಲಿ ಅವರು ಬಗ್ಗಿ ನೆಲ ನೋಡಿದರು. ಕರಾವಳಿಯ ಕೆಂಪು ಮುರಕಲ್ಲಿನ ಗುಡ್ಡ ಬಿಟ್ಟರೆ ಬೇರೆಲ್ಲೂ ಅವರು ಕರಂಡೆ ಕಂಡವರಲ್ಲ.

“ಗಿಡ ಸರಿ ಉಂಟು, ಜಾಗ ಸರಿ ಇಲ್ಲ ಮಾರಾಯ. ಈ ಕಗ್ಗಲ್ಲಲ್ಲಿ ಇದಕ್ಕೆ ಎಂತ ಕೆಲಸ?”

ವಿಮಲಾಗೆ ಅಷ್ಟು ಕನ್ನಡ ಅರ್ಥವಾಗುತ್ತದೆ. ತಮಿಳಿನಲ್ಲೇ ಕೇಳಿದಳು: “ನಮ್ಮ ಅಜ್ಜಿ ಕಾಲದಿಂದ ಇದು ಇಲ್ಲೇ ಇದೆ ಸಾಮಿ. ನಿಮ್ಮೂರಿಗೆ ಯಾರು ಕದ್ದುಕೊಂಡು ಹೋದರು?”

ಸುಬ್ರಾಯಣ್ಣ ಕಪ್ಪಗೆ ಹಣ್ಣಾದದ್ದೊಂದನ್ನು ಕಿತ್ತು, ಮೂಸಿ, ನನ್ನ ಕೈಗಿಟ್ಟರು.

“ತಿನ್ನು. ನಿನ್ನ ಫೋನು ಹೇಳಿದೆಯಲ್ಲ.”

ತಿಂದೆ. ಹುಳಿಸಿಹಿ, ತುಟಿಗೆ ಅಂಟುವ ಹಾಲು. ಮರಳುವಾಗ ರೈಲಿನಲ್ಲಿ ಅವರು ಕಿಟಕಿಯಾಚೆ ನೋಡಲೇ ಇಲ್ಲ, ನನ್ನ ಮುಖವನ್ನೇ ನೋಡುತ್ತ ಬಂದರು. ಮರುದಿನ ನಾನು ಕೌಂಟರಿಗೆ ಬಂದ ಮೇಲಷ್ಟೇ ಕಾಯಿ ಉಪ್ಪುನೀರಿಗೆ ಬಿತ್ತು.

ಉಪ್ಪಿನಕಾಯಿ ಮಾಗಿದ ಮೇಲೆ ಮೊದಲ ಎಲೆಗೆ ಬಡಿಸಿದ್ದು ಪೆರಂಬೂರಿನಿಂದ ಬರುವ ಹಳೆಯ ಗಿರಾಕಿಗೆ. ಅವರು ಚಪ್ಪರಿಸಿ, ಊರಿನದಾ ಎಂದು ಕೇಳಿದರು. ಹೌದೆನ್ನಲು ನಾನು ಬಾಯಿ ತೆರೆದಿದ್ದೆ.

“ವಂಡಲೂರಿಂದು,” ಎಂದರು ಅಡುಗೆಮನೆಯ ಬಾಗಿಲಲ್ಲಿದ್ದ ಸುಬ್ರಾಯಣ್ಣ.

ಗಿರಾಕಿ ಇನ್ನೊಂದಿಷ್ಟು ಹಾಕಿಸಿಕೊಂಡರು. ಅವರು ಕೈ ತೊಳೆದು, ಬಿಲ್ಲಿನ ಹಣ ಕೊಟ್ಟು, ರಸ್ತೆ ದಾಟುವವರೆಗೂ ಸುಬ್ರಾಯಣ್ಣ ಬಾಗಿಲು ಬಿಟ್ಟು ಕದಲಲಿಲ್ಲ.