ಒಂದು ಸೇರು ಹಿಂಡಿ, ಮೇಲೊಂದು ಹಿಡಿ

ನಾವು ನಗರದ ಅಂಚಿನ ಪಟಾನ್‌ಚೆರುವಿನ ಆಚೆ ಇದ್ದ ಕಾಲದಲ್ಲಿ ಮನೆಯ ಹಿಂದೆ ಅವ್ವನ ಆಕಳಿತ್ತು. ನಮ್ಮ ಆಕಳು ಎಂದು ಎಲ್ಲರೂ ಅನ್ನುತ್ತಿದ್ದೆವು, ಆದರೆ ಅದಕ್ಕೆ ಅವ್ವನ ಹೊರತು ಯಾರೂ ಲೆಕ್ಕಕ್ಕಿರಲಿಲ್ಲ. ಎದುರಿನ ಬಯಲಿನ ಹುಲ್ಲೇ ಅದರ ಮೇವು. ಊರೆಲ್ಲ ಸಾಫ್ಟ್‌ವೇರ್ ಅಂತ ಕುಣಿಯತೊಡಗಿದಾಗ ಕಂಪನಿಯ ಕಟ್ಟಡಕ್ಕೆಂದು ಆ ಬಯಲಿಗೂ ಬೇಲಿ ಬೀಳುವ ಸುದ್ದಿ ಬಂತು. ಅಪ್ಪ ಮಳೆಗಾಲದಲ್ಲೇ ಹುಲ್ಲು ಕೊಯ್ದು, ಗುಂಡಿಯಲ್ಲಿ ತುಳಿದು ತುಂಬಿ, ಗಾಳಿಯಾಡದಂತೆ ತಾಡಪತ್ರಿ ಮುಚ್ಚಿ ರಸಮೇವು ಮಾಡಿದ.

ಗುಂಡಿ ತೆರೆದ ದಿನ ಓಣಿಯ ತುಂಬ ಹುಳಿ ಅಂಬಲಿಯ ವಾಸನೆ. ಆಕಳು ಗಬಗಬ ತಿಂದಿತು. ಹಾಲು ಮಾತ್ರ ದಿನದಿನಕ್ಕೆ ಇಳಿಯಿತು. ಬೀದರ ಕಡೆಯ ದನದ ಡಾಕ್ಟರು ಬಂದು ನೋಡಿದರು.

"ಇದು ಹೊಟ್ಟಿ ತುಂಬಸ್ತೈತ್ರಿ, ಹಾಲಿಗೆ ಪ್ರೋಟೀನ್ ಸಾಲಂಗಿಲ್ಲ. ಹೊತ್ತಿಗೆ ಒಂದು ಸೇರು ಹತ್ತಿಕಾಳಿನ ಹಿಂಡಿ ಹಾಕ್ರಿ. ಹೆಚ್ಚ ಹಾಕಬ್ಯಾಡ್ರಿ, ಹೆಚ್ಚಾದದ್ದು ಉಚ್ಚ್ಯಾಗ ಹೋಗ್ತೈತಿ."

ಅವ್ವನಿಗೆ ಈ ಮಾತು ಹೇಗೆ ಒಗ್ಗೀತು? ಉಣ್ಣುವವರು ಸಾಕು ಅಂದ ಮೇಲೂ ಇನ್ನೊಂದು ರೊಟ್ಟಿ ಹಾಕದಿದ್ದರೆ ಮರ್ಯಾದೆ ಹೋಯಿತು ಎನ್ನುವ ಮನೆಯಲ್ಲಿ ಬೆಳೆದವಳು. ಅಪ್ಪ ಸೇರಿನ ಬಾಯಿಯನ್ನು ಅಂಗೈಯಿಂದ ಸವರಿ, ಸಮ ಮಾಡಿ ಕೊಟ್ಟು ಅತ್ತ ತಿರುಗಿದರೆ ಸಾಕು, ಇವಳು ಮೇಲೊಂದು ಹಿಡಿ ಸುರಿದುಬಿಡುತ್ತಿದ್ದಳು. ಹಾಲು ಏರಿತು. ಸಗಣಿಯೂ ತೆಳ್ಳಗಾಯಿತು, ಅವಳ ಗುಟ್ಟು ಬಯಲಾಯಿತು.

"ಅದೇನ ಬೀಗರೇನ, ಒತ್ತಾಯ ಮಾಡಾಕ?" ಎಂದು ಅಪ್ಪ ರೇಗಿದ.

"ಬಾಯಿಲ್ಲದ್ದು. ಸಾಕು ಅಂತ ಅದು ಹೇಳೈತೇನ್ರಿ?" ಎಂದಳು ಅವ್ವ.

ಮರುವರ್ಷ ಬೇಲಿ ಬಿತ್ತು. ಹುಲ್ಲಿಲ್ಲದೆ ಗುಂಡಿ ಖಾಲಿ. ಹಿಂಡಿಯೊಂದನ್ನೇ ತಿಂದು ಆಕಳು ಬದುಕದು. ಅವ್ವ ಎಷ್ಟು ಹಟ ಹಿಡಿದರೂ ಕೊನೆಗೆ ಅದನ್ನು ಒಂದು ದೊಡ್ಡ ಡೇರಿಗೆ ಕೊಡುವುದಾಯಿತು. ಎಂಟು ದಿನ ಬಿಟ್ಟು ಒಯ್ಯುತ್ತೇವೆ ಎಂದರು.

ಆ ಎಂಟೂ ದಿನ ಅವ್ವ ತಾನೇ ಸೇರನ್ನು ಸವರಿ ಹಾಕಿದಳು. ಮೇಲಿನ ಹಿಡಿ ಇಲ್ಲ. ಆಕಳು ಬುಟ್ಟಿ ನೆಕ್ಕಿ ನೆಕ್ಕಿ ಅವಳ ಮುಖ ನೋಡುತ್ತಿತ್ತು. ನನಗೆ ಸಿಟ್ಟು ಬಂತು.

"ಹೋಗೂ ಮುಂದ ಯಾಕವ್ವ ಈ ಜಿಪುಣತನ?"

"ಅಲ್ಲಿ ಅದಕ್ಕ ಯಾರ ಹಾಕ್ತಾರ, ಮ್ಯಾಲೊಂದು ಹಿಡಿ? ಇಲ್ಲೇ ರೂಢಿ ಆಗ್ಲಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅದೇ ವರ್ಷ ನಾನು ಕಂಪ್ಯೂಟರ್ ಕಲಿಯಲು ನಗರದೊಳಗಿನ ಅಮೀರ್‌ಪೇಟ್‌ನ ಹಾಸ್ಟೆಲಿಗೆ ಹೊರಟೆ. ಒಂದು ಬಸ್ಸಿನ ದಾರಿ, ಅಷ್ಟಕ್ಕೇ ದೇಶಾಂತರ ಹೋಗುವವಳಂತೆ ಮೆರೆದೆ. ಹೊರಡುವ ವಾರವಿಡೀ ಅವ್ವ ನನಗೆ ಎರಡೇ ರೊಟ್ಟಿ ಹಾಕಿದಳು. ಮೂರನೆಯದಕ್ಕೆ ಒತ್ತಾಯ ಮಾಡಲಿಲ್ಲ. ಯಾಕೆಂದು ಹೊಳೆದದ್ದು ಹಾಸ್ಟೆಲಿನ ತಟ್ಟೆಯ ಮುಂದೆ ಕೂತಾಗ.

ಅವ್ವ ಹೋಗಿ ಬಹಳ ವರ್ಷವಾಯಿತು. ಮೇಲೊಂದು ಹಿಡಿ ಹಾಕುವ ಆ ಕೈ ನನಗೆ ಇವತ್ತಿಗೂ ಬೇಕು. ಈಗ ನಾನು ಸಾಕು ಅಂದರೆ ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ.